ಕೆಂಪೇಗೌಡರ ಬದುಕು ಮತ್ತು ಖಾಲಿ ಉಳಿದ ತಾರೀಖುಗಳು

ಮರಳವಾಡಿ ಕಡೆಯಿಂದ ಬೆಂಗಳೂರಿಗೆ ಹೋಗಿ ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದಾಗ ನಾವು ನಿಲ್ಲೋದು ಒಂದು ಕಾಲದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಆ ಬಸ್ ನಿಲ್ದಾಣಕ್ಕೆ ಹೆಸರಾದ ನಾಡಪ್ರಭು ಕೆಂಪೇಗೌಡರ ಬಗ್ಗೆ ಈ ಸಲ ಬರೀತಿದ್ದೀವಿ. ಡಿಬಿಎಂಎಸ್ ಲ್ಯಾಬ್ ಇರೋರು ಸ್ವಲ್ಪ ಗಮನ ಕೊಟ್ಟು ಓದಿ. ಅವರ ಬದುಕನ್ನು ಒಂದು ಟೇಬಲ್‌ಗೆ ತುಂಬಿಸೋಕೆ ಹೋದ್ರೆ ತಾರೀಖಿನ ಕಾಲಂಗಳೇ ಸತಾಯಿಸುತ್ತವೆ.

ಕೆಂಪೇಗೌಡರು ಯಲಹಂಕ ನಾಡಪ್ರಭುಗಳ ಮನೆತನದವರು, ವಿಜಯನಗರದ ಸಾಮಂತರು. ತಂದೆ ಕೆಂಪನಂಜೇಗೌಡರು. ಹುಟ್ಟಿದ ವರ್ಷ ಸುಮಾರು 1510 ಅಂತ ಹೇಳ್ತಾರೆ. 1537ರಲ್ಲಿ, ಅಚ್ಯುತರಾಯನ ಕಾಲದಲ್ಲಿ, ಮಣ್ಣಿನ ಕೋಟೆ ಕಟ್ಟಿಸಿ ಬೆಂಗಳೂರಿಗೆ ಬುನಾದಿ ಹಾಕಿದರು. ದೊಡ್ಡಪೇಟೆ, ಚಿಕ್ಕಪೇಟೆ ಕೂಡೋ ಕಡೆಯಿಂದ ನಾಲ್ಕು ದಿಕ್ಕಿಗೂ ಎತ್ತು ಹೂಡಿ ಉಳಿಸಿ ಬೀದಿಗಳನ್ನು ಗುರುತಿಸಿದರು ಅನ್ನೋ ಕತೆ ಎಲ್ಲರಿಗೂ ಗೊತ್ತು. ಅಕ್ಕಿಪೇಟೆ, ಬಳೆಪೇಟೆ, ತರಗುಪೇಟೆ ಅಂತ ಕಸುಬಿಗೊಂದು ಪೇಟೆ ಬೆಳೀತು. ನೀರಿಗೆ ಧರ್ಮಾಂಬುಧಿ, ಕೆಂಪಾಂಬುಧಿ ಕೆರೆಗಳಾದವು.

ಊರು ಬೆಳೆದ ಮೇಲೆ ಕಷ್ಟವೂ ಬಂತು. ಐತಿಹ್ಯದ ಪ್ರಕಾರ, ಅಪ್ಪಣೆ ಇಲ್ಲದೆ ಸ್ವಂತ ನಾಣ್ಯ ಟಂಕಿಸಿದ್ದಕ್ಕೆ ಅವರನ್ನು ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿಟ್ಟರು. ಬಿಡುಗಡೆಯಾಗಿ ಬಂದು ಮತ್ತೆ ನಾಡನ್ನು ಆಳಿದರು. ತೀರಿಕೊಂಡ ವರ್ಷ 1569 ಅನ್ನೋದು ರೂಢಿಯ ಲೆಕ್ಕ. ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿರೋ ಅವರ ಸಮಾಧಿ 2015ರಲ್ಲಷ್ಟೇ ನಾಡಿನ ಗಮನಕ್ಕೆ ಬಂತು.

ಈಗ ಟೇಬಲ್‌ಗೆ ಬರೋಣ. ಸೆರೆ ಎಷ್ಟು ವರ್ಷ ಅನ್ನೋದಕ್ಕೆ ಉತ್ತರ ಇದೆ. ಯಾವ ದಿನ ಶುರು, ಯಾವ ದಿನ ಬಿಡುಗಡೆ ಅನ್ನೋದಕ್ಕೆ ಇಲ್ಲ. ಆ ಎರಡೂ ಕಾಲಂಗಳಲ್ಲಿ ಇರಬೇಕಾದ್ದು ನಲ್.

1565ರ ತಾಳಿಕೋಟೆ ಯುದ್ಧಕ್ಕೆ ಮುಂಚೆ ಬಿಡುಗಡೆಯಾದವರು ಯಾರು ಅಂತ ಕ್ವೆರಿ ಬರೆದ್ರೆ ಕೆಂಪೇಗೌಡರ ಸಾಲು ಬರಲ್ಲ. ಸರಿ, ಅದೇ ಷರತ್ತಿಗೆ ನಾಟ್ ಹಾಕಿ ನೋಡಿ. ಆಗಲೂ ಬರಲ್ಲ! ನಲ್ ಜೊತೆ ಏನನ್ನು ಹೋಲಿಸಿದರೂ ಎಸ್‌ಕ್ಯೂಎಲ್ ಕೊಡೋ ಉತ್ತರ ‘ಗೊತ್ತಿಲ್ಲ’. ಅದಕ್ಕೆ ನಾಟ್ ಹಾಕಿದ್ರೂ ‘ಗೊತ್ತಿಲ್ಲ’ವೇ. ವೇರ್ ಮಾತ್ರ ‘ನಿಜ’ ಅನ್ನೋ ಸಾಲುಗಳನ್ನಷ್ಟೇ ಬಿಡುತ್ತೆ. ಬೆಂಗಳೂರು ಕಟ್ಟಿದವರೇ ಎರಡೂ ಪಟ್ಟಿಯಿಂದ ಮಾಯ, ಎರರ್ ಮೆಸೇಜೂ ಇಲ್ಲ. ಅವರನ್ನು ಹಿಡಿಯೋಕೆ ಈಸ್ ನಲ್ ಅಂತ ಬೇರೆಯಾಗಿ ಕೇಳಬೇಕು. ಸಮ ಚಿಹ್ನೆ ಹಾಕಿ ನಲ್ ಅಂದ್ರೆ ಏನೂ ಸಿಗಲ್ಲ.

ಇದಕ್ಕೆ ಹೆದರಿ ಕೆಲವರು 1900ರ ಜನವರಿ 1 ಅಂತಲೋ, 9999ರ ಡಿಸೆಂಬರ್ 31 ಅಂತಲೋ ತುಂಬಿಬಿಡ್ತಾರೆ. ಆಗ ಕೆಂಪೇಗೌಡರು ಸತ್ತು 331 ವರ್ಷ ಆದ ಮೇಲೆ ಬಿಡುಗಡೆ ಆದಂತಾಯ್ತು! ಜಯಂತಿ ಆಚರಿಸೋ ಜೂನ್ 27 ಅನ್ನು ಜನ್ಮದಿನದ ಕಾಲಂಗೆ ನಕಲು ಮಾಡೋದೂ ಬೇಡ. ಆಚರಣೆಯ ದಿನಕ್ಕೆ ಅದರದ್ದೇ ಕಾಲಂ ಇರಲಿ. 1537 ಅನ್ನೋ ಬರೀ ವರ್ಷವನ್ನೂ ಡೇಟ್ ಕಾಲಂಗೆ ತುರುಕಿ ಜನವರಿ 1 ಮಾಡಬೇಡಿ, ವರ್ಷ ಅಂತಲೇ ಇಡಿ.

ಗೊತ್ತಿರೋ ಮಿತಿಯನ್ನು ಬರೆದಿಡೋದು ಉತ್ತಮ ದಾರಿ. ಐತಿಹ್ಯವನ್ನೇ ನಂಬಿದರೆ ಸೆರೆ 1537ರ ನಂತರ, ಅವಧಿ ಐದು ವರ್ಷ. ಅಲ್ಲಿಗೆ ಬಿಡುಗಡೆಯ ಮೊದಲ ಮಿತಿ 1542, ಕೊನೆಯ ಮಿತಿ 1569. ಕೊನೆಯ ಮಿತಿ 1565ಕ್ಕಿಂತ ಮುಂಚೆ ಇದ್ದರೆ ‘ಖಂಡಿತ ಹೌದು’, ಮೊದಲ ಮಿತಿ 1565 ಅಥವಾ ಅದರ ನಂತರ ಇದ್ದರೆ ‘ಖಂಡಿತ ಇಲ್ಲ’, ಉಳಿದದ್ದು ‘ಇರಬಹುದು’. ಕೆಂಪೇಗೌಡರು ಮೂರನೇ ಗುಂಪಿಗೆ ಸೇರ್ತಾರೆ, ಪಟ್ಟಿಯಲ್ಲೂ ಉಳೀತಾರೆ.

ಪರದೆಯ ಮೇಲೆ ತೋರಿಸುವಾಗ ಕೋಅಲೆಸ್ ಬಳಸಿ ‘ತಿಳಿದಿಲ್ಲ’ ಅಂತ ಬರೆಸಬಹುದು. ತಾರೀಖನ್ನು ಮೊದಲು ಪಠ್ಯಕ್ಕೆ ಕಾಸ್ಟ್ ಮಾಡಿ, ಇಲ್ಲದಿದ್ದರೆ ಹಲವು ಡೇಟಾಬೇಸ್‌ಗಳು ತಕರಾರು ತೆಗೀತವೆ. ಟೇಬಲ್ ಒಳಗಿನ ನಲ್ ಹಾಗೇ ಇರಲಿ.

ನಾಳೆ ಮರಳವಾಡಿ ಹೋಬಳಿಯ ಹಳೇ ಕೆರೆ, ಗುಡಿಗಳ ಪಟ್ಟಿ ಮಾಡೋಕೆ ಹೊರಟರೂ ಕಟ್ಟಿದ ದಿನ ಕೇಳೋ ಕಾಲಂಗೆ ಇದೇ ಗತಿ. ನಾವು ಸುಮ್ಮನೆ ತುಂಬಿದ ಒಂದು ತಾರೀಖು ಮುಂದೆ ಯಾರದ್ದೋ ಪ್ರಾಜೆಕ್ಟ್ ರಿಪೋರ್ಟಲ್ಲಿ ಇತಿಹಾಸ ಅಂತ ಕೂತ್ಕೊಳ್ಳುತ್ತೆ. ಗೊತ್ತಿಲ್ಲದ ಕಡೆ ಖಾಲಿ ಬಿಡಿ. ಮುಂದೊಂದು ದಿನ ಶಾಸನವೋ ಕಡತವೋ ಸಿಕ್ಕರೆ ಬರೆಯೋಕೆ ಜಾಗ ಇರುತ್ತೆ.