ವೆಗೆನರ್‌ಗೆ ಎದುರಾದ ಪ್ರಶ್ನೆ

ಆಲ್‌ಫ್ರೆಡ್ ವೆಗೆನರ್ 1880ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದರು. ಡಾಕ್ಟರೇಟ್ ಪಡೆದದ್ದು ಖಗೋಳಶಾಸ್ತ್ರದಲ್ಲಿ, ದುಡಿದದ್ದು ಹವಾಮಾನಶಾಸ್ತ್ರದಲ್ಲಿ. ದಕ್ಷಿಣ ಅಮೆರಿಕ ಮತ್ತು ಆಫ್ರಿಕಾದ ಅಂಚುಗಳು ಒಂದಕ್ಕೊಂದು ಹೊಂದುವುದನ್ನು ಅವರಿಗಿಂತ ಮೊದಲೇ ಕೆಲವರು ಗಮನಿಸಿದ್ದರು. ವೆಗೆನರ್ ಅಷ್ಟಕ್ಕೇ ನಿಲ್ಲದೆ ಸಾಕ್ಷ್ಯ ಕೂಡಿಸಿದರು. ಸಾಗರ ದಾಟಲಾರದ ಮೆಸೊಸಾರಸ್ ಪ್ರಾಣಿಯ ಪಳೆಯುಳಿಕೆ ಎರಡೂ ಖಂಡಗಳಲ್ಲಿತ್ತು. ಗ್ಲಾಸಾಪ್ಟೆರಿಸ್ ಸಸ್ಯದ ಎಲೆಯಚ್ಚು ಭಾರತದಲ್ಲೂ ಆಸ್ಟ್ರೇಲಿಯಾದಲ್ಲೂ ಸಿಕ್ಕಿತ್ತು. 1912ರಲ್ಲಿ ವಾದ ಮಂಡಿಸಿ, 1915ರಲ್ಲಿ ಪುಸ್ತಕ ಪ್ರಕಟಿಸಿದರು. ಆದರೆ ಖಂಡಗಳನ್ನು ಸರಿಸುವ ಬಲ ಯಾವುದು? ಅವರು ಸೂಚಿಸಿದ ಬಲಗಳು ಸಾಲದೆಂದು ಹೆಚ್ಚಿನ ಭೂವಿಜ್ಞಾನಿಗಳು ವಾದವನ್ನೇ ತಳ್ಳಿಹಾಕಿದರು. 1930ರ ನವೆಂಬರ್‌ನಲ್ಲಿ ಗ್ರೀನ್‌ಲ್ಯಾಂಡಿನ ಹಿಮದ ನಡುವಿನ ಶಿಬಿರದಿಂದ ಮರಳುವಾಗ ವೆಗೆನರ್ ತೀರಿಕೊಂಡರು. ಸಾಗರತಳ ಹರಡುತ್ತಿರುವುದಕ್ಕೆ 1960ರ ದಶಕದಲ್ಲಿ ಪುರಾವೆ ಸಿಕ್ಕ ಮೇಲೆ ಖಂಡಗಳ ಚಲನೆಯನ್ನು ಜಗತ್ತು ಒಪ್ಪಿತು.

ಅಭ್ಯಾಸ ಬೋಧನೆಗೆಂದು ಈ ಜೀವನ ಓದುವಾಗ ನನ್ನ ಪಾಠಯೋಜನೆಯ ಕ್ರಮವೇ ಬದಲಾಯಿತು. ಮೊದಲು ವ್ಯಾಖ್ಯೆ ಹೇಳುವ ಬದಲು ರಟ್ಟಿನ ಖಂಡಗಳನ್ನೂ ಪಳೆಯುಳಿಕೆ ಚಿತ್ರಗಳನ್ನೂ ಏಳನೇ ತರಗತಿಯ ಮಕ್ಕಳ ಕೈಗೆ ಕೊಟ್ಟೆ. ಜೋಡಿಸಿ ಮುಗಿಸಿದ ಹುಡುಗಿಯೊಬ್ಬಳು ಇವನ್ನು ದೂರ ತಳ್ಳಿದ್ದು ಯಾರೆಂದು ಕೇಳಿದಳು. ವಿಜ್ಞಾನಿಗಳು ಅರ್ಧ ಶತಮಾನ ಹುಡುಕಿದ ಉತ್ತರವನ್ನು ಅರೆನಿಮಿಷದಲ್ಲಿ ಹೇಳಿಬಿಡಲು ಮನಸ್ಸಾಗಲಿಲ್ಲ. ಪ್ರಶ್ನೆಯನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದು, ಮರುದಿನದ ಪಾಠವನ್ನು ಅಲ್ಲಿಂದಲೇ ಶುರುಮಾಡಿದೆ.