ಆಲ್ಡೊ ಲಿಯೋಪೋಲ್ಡ್

ಆಲ್ಡೊ ಲಿಯೋಪೋಲ್ಡ್ (ಜನವರಿ 11, 1887 – ಏಪ್ರಿಲ್ 21, 1948) ಅಮೆರಿಕದ ಅರಣ್ಯಶಾಸ್ತ್ರಜ್ಞ, ಪರಿಸರ ಚಿಂತಕ ಹಾಗೂ ಲೇಖಕ. ಅಯೋವಾ ರಾಜ್ಯದ ಬರ್ಲಿಂಗ್ಟನ್‌ನಲ್ಲಿ ಜನಿಸಿದ ಇವರು ಯೇಲ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ, 1909ರಲ್ಲಿ ಅರಣ್ಯ ಸೇವೆಗೆ ಸೇರಿದರು. ತೋಳಗಳು ನಾಶವಾದರೆ ಜಿಂಕೆಗಳಿಗೆ ಒಳಿತೆಂದು ಆರಂಭದಲ್ಲಿ ನಂಬಿದ್ದರು. ಮಿತಿಮೀರಿದ ಜಿಂಕೆಗಳು ಎಳೆಗಿಡಗಳನ್ನೆಲ್ಲ ಮೇದು, ಕೊನೆಗೆ ತಾವೇ ಹಸಿವಿನಿಂದ ಸಾಯುವುದನ್ನು ಅರಿತ ಬಳಿಕ ಆ ನಿಲುವನ್ನು ತೊರೆದರು. 1933ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ನಿರ್ವಹಣೆಯ ಪ್ರಾಧ್ಯಾಪಕರಾದರು.

ಬಿಲ್ಲುಬೇಟೆಯಲ್ಲಿ ಆಸಕ್ತರಾಗಿದ್ದ ಇವರು ಬಿಲ್ಲುಬಾಣಗಳನ್ನು ಸ್ವತಃ ತಯಾರಿಸುತ್ತಿದ್ದರು. 1935ರಲ್ಲಿ ವಿಸ್ಕಾನ್ಸಿನ್ ನದಿಯ ಬಳಿ ಸಾರಗುಂದಿದ ಮರಳು ಜಮೀನೊಂದನ್ನು ಪಡೆದು, ಅಲ್ಲಿದ್ದ ಕೋಳಿಮನೆಯನ್ನೇ ಕುಟುಂಬದ ಬಿಡಾರವಾಗಿ ಮಾರ್ಪಡಿಸಿದರು. ಪತ್ನಿ ಎಸ್ಟೆಲ್ಲಾ ಮತ್ತು ಐವರು ಮಕ್ಕಳೊಂದಿಗೆ ನೆಟ್ಟ ಸಾವಿರಾರು ಪೈನ್ ಸಸಿಗಳಲ್ಲಿ ಹೆಚ್ಚಿನವು 1936ರ ಬರಗಾಲದಲ್ಲಿ ಒಣಗಿದವು. ಆದರೂ ವರ್ಷವರ್ಷವೂ ನೆಡುವುದನ್ನು ಮುಂದುವರಿಸಿ, ಕಾಡನ್ನೂ ಹುಲ್ಲುಗಾವಲನ್ನೂ ಮರಳಿ ಬೆಳೆಸಿದರು.

1943ರಲ್ಲಿ ರಾಜ್ಯದ ಸಂರಕ್ಷಣಾ ಆಯೋಗದ ಸದಸ್ಯರಾದರು. ಜಿಂಕೆಗಳ ಸಂಖ್ಯೆಯನ್ನು ತಗ್ಗಿಸಲು ಹೆಣ್ಣು ಜಿಂಕೆಗಳ ಬೇಟೆಗೂ ಅವಕಾಶ ನೀಡಬೇಕೆಂಬ ಇವರ ನಿಲುವು ಸಾರ್ವಜನಿಕರ ತೀವ್ರ ವಿರೋಧಕ್ಕೆ ಗುರಿಯಾಯಿತು. 1948ರಲ್ಲಿ ನೆರೆಯ ಜಮೀನಿನ ಹುಲ್ಲಿಗೆ ಹೊತ್ತಿದ ಬೆಂಕಿಯನ್ನು ನಂದಿಸುತ್ತಿದ್ದಾಗ ಹೃದಯಾಘಾತದಿಂದ ನಿಧನರಾದರು. ಆ ಜಮೀನಿನ ಅನುಭವಗಳನ್ನು ಒಳಗೊಂಡ 'ಎ ಸ್ಯಾಂಡ್ ಕೌಂಟಿ ಅಲ್ಮನಾಕ್' ಕೃತಿ 1949ರಲ್ಲಿ ಮರಣೋತ್ತರವಾಗಿ ಪ್ರಕಟವಾಯಿತು.