ಅಡುಗೆಮನೆ ಬಾಗಿಲು ತೆರೆದಿಟ್ಟ ಮಯ್ಯರು

ಶಿರಸಿ, ಸಿದ್ದಾಪುರ, ಯಲ್ಲಾಪುರದಿಂದ ರಾತ್ರಿ ಬಸ್ ಹತ್ತಿ ಬೆಂಗಳೂರಲ್ಲಿ ಇಳಿಯುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಎಂಟಿಆರ್ ಅಂದ್ರೆ ಭಾನುವಾರದ ಕ್ಯೂ, ರವೆ ಇಡ್ಲಿ, ಲೋಟದ ತುಂಬ ಕಾಫಿ. ಆದರೆ ಆ ಹೋಟೆಲಿಗೆ ಮೊದಲು ಇದ್ದ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಹಳೆಯ ಹೆಸರಿನಿಂದ ಹೊಸ ಹೆಸರಿಗೆ ಬಂದ ದಾರಿಯಲ್ಲೇ ಯಜ್ಞನಾರಾಯಣ ಮಯ್ಯರ ಬದುಕಿನ ಕಥೆಯೂ ಇದೆ.

ಮಯ್ಯರ ಊರು ಕರಾವಳಿಯ ಕೋಟದ ಹತ್ತಿರದ ಪಾರಂಪಳ್ಳಿ. ಮನೆಯ ಅಣ್ಣತಮ್ಮಂದಿರು ಹೊಟ್ಟೆಪಾಡಿಗಾಗಿ ಘಟ್ಟ ಹತ್ತಿ ಬೆಂಗಳೂರಿಗೆ ಬಂದು, ಉಳ್ಳವರ ಮನೆಗಳಲ್ಲಿ ಅಡುಗೆ ಮಾಡಿಕೊಂಡಿದ್ದರು. 1924ರಲ್ಲಿ ಲಾಲ್‌ಬಾಗ್ ಕೋಟೆ ರಸ್ತೆಯಲ್ಲಿ ಚಿಕ್ಕ ಹೋಟೆಲ್ ಇಟ್ಟರು. 1929ರಲ್ಲಿ ಪರಮೇಶ್ವರ ಮಯ್ಯರು ತೀರಿಕೊಂಡ ಮೇಲೆ ಜವಾಬ್ದಾರಿ ಯಜ್ಞನಾರಾಯಣರ ಹೆಗಲಿಗೆ ಬಿತ್ತು.

ಬೋರ್ಡಿನಲ್ಲಿ ಜಾತಿ ಯಾಕೆ? ಆಗ ಹೊರಗೆ ಉಣ್ಣೋದೇ ಮೈಲಿಗೆ ಅಂತ ಹೆದರುವ ಕಾಲ. ಯಾರು ಬೇಯಿಸಿದರೋ, ಪಕ್ಕದಲ್ಲಿ ಯಾರು ಕೂತಿದ್ದಾರೋ ಅನ್ನುವ ಆತಂಕ ಮೇಲ್ಜಾತಿಗಳಿಗೆ. ಅಡುಗೆಯವನ ಹುಟ್ಟೇ ಶುಚಿಗೆ ಗ್ಯಾರಂಟಿ ಅನ್ನೋದನ್ನು ಬೋರ್ಡು ಹೇಳುತ್ತಿತ್ತು. ಅದೇ ಬೋರ್ಡು ಎಷ್ಟೋ ಜನರಿಗೆ ಬಾಗಿಲಲ್ಲೇ ನಿಲ್ಲು ಅಂತಲೂ ಹೇಳುತ್ತಿತ್ತು.

ಎರಡನೇ ಮಹಾಯುದ್ಧದಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಅಕ್ಕಿಯಿಲ್ಲದೆ ಇಡ್ಲಿ ಹೇಗೆ? ರವೆಯಲ್ಲಿ ಮಾಡಿ ನೋಡಿದರು. ಎಂಟಿಆರ್ ಹೇಳಿಕೊಳ್ಳುವಂತೆ, ಇವತ್ತು ಊರೂರ ಹೋಟೆಲುಗಳಲ್ಲಿ ಸಿಗುವ ರವೆ ಇಡ್ಲಿ ಹುಟ್ಟಿದ್ದು ಆ ಅಭಾವದಲ್ಲಿ.

1950ರಲ್ಲಿ ಸಂವಿಧಾನ ಜಾರಿಗೆ ಬಂತು. ಜಾತಿಯ ಕಾರಣಕ್ಕೆ ಯಾರನ್ನೂ ಹೋಟೆಲಿನಿಂದ ಹೊರಗಿಡುವಂತಿಲ್ಲ ಅಂತ 15ನೇ ವಿಧಿ ಸ್ಪಷ್ಟವಾಗಿ ಹೇಳಿತು. ಮರುವರ್ಷ ಮಯ್ಯರು ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳು ನಡೆಯುವ ರೀತಿ ನೋಡಿಬಂದರು. ವಾಪಸ್ ಬಂದವರೇ ತಟ್ಟೆ, ಲೋಟ, ಚಮಚಗಳನ್ನು ಹಬೆಯಲ್ಲಿ ಶುದ್ಧ ಮಾಡಿಸತೊಡಗಿದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಿಕೊಂಡು ಒಳಗೆ ಬರುವ ಪದ್ಧತಿ ಎಂಟಿಆರ್‌ನ ಗುರುತಾಯಿತು. 1960ರಲ್ಲಿ ಲಾಲ್‌ಬಾಗ್ ರಸ್ತೆಯ ಈಗಿನ ಕಟ್ಟಡಕ್ಕೆ ಬರುವ ಹೊತ್ತಿಗೆ ಹೋಟೆಲ್ ಮಾವಳ್ಳಿ ಟಿಫಿನ್ ರೂಮ್ಸ್ ಆಗಿತ್ತು. ಜಾತಿಯ ಜಾಗದಲ್ಲಿ ಊರಿನ ಹೆಸರು.

ಮಯ್ಯರನ್ನು ಜಾತಿವಿನಾಶದ ಹೋರಾಟಗಾರ ಅಂತ ಕರೆಯೋದು ಅತಿಯಾದೀತು. ಅವರು ವ್ಯಾಪಾರಸ್ಥರು. ಆದರೂ ಒಂದು ದೊಡ್ಡ ಬದಲಾವಣೆಯಾಯಿತು: ಶುಚಿ ಅನ್ನೋದು ಹುಟ್ಟಿನಿಂದ ಬರುವುದಲ್ಲ, ಬಿಸಿನೀರು, ಹಬೆ, ಶಿಸ್ತಿನಿಂದ ಬರುವುದು. ನಂಬಬೇಕಾಗಿಲ್ಲ, ಬಂದು ನೋಡಿ.

ಹೋಟೆಲಿನ ಮೇಜು ರಾಜಕೀಯದ ಜಾಗ ಅನ್ನೋದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಡೂಕಿ ಚೇಸ್ ಅನ್ನುವ ಕ್ರಿಯೋಲ್ ಅಡುಗೆಯ ಹೋಟೆಲಿದೆ, 1941ರದ್ದು. ಕರಿಯರೂ ಬಿಳಿಯರೂ ಒಟ್ಟಿಗೆ ಕೂತು ಉಣ್ಣುವುದನ್ನು ಕಾನೂನೇ ತಡೆಯುತ್ತಿದ್ದ ದಿನಗಳಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರರು ಅದರ ಮಹಡಿಯಲ್ಲಿ ಒಟ್ಟಿಗೆ ಉಂಡು, ಮುಂದಿನ ಹೆಜ್ಜೆ ಯೋಚಿಸಿದರು.

ಮಯ್ಯರು 1968ರಲ್ಲಿ ತೀರಿಕೊಂಡರು. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ಬೆಲೆ ಇಳಿಸಿದಾಗ, ಗುಣಮಟ್ಟ ಇಳಿಸದೆ ದಿನದ ನಷ್ಟವನ್ನು ಹೊರಗೆ ಬರೆದು ಹಾಕಿದ್ದು ಇದೇ ಹೋಟೆಲು. ಕೊನೆಗೆ ಕೆಲಕಾಲ ಮುಚ್ಚಬೇಕಾಯಿತು. ಮನೆಯಲ್ಲೇ ಮಾಡಿಕೊಳ್ಳುವ ತಿಂಡಿ ಮಿಶ್ರಣಗಳ ವ್ಯಾಪಾರ ಬೆಳೆದದ್ದು ಆಮೇಲೆ.

ಬೋರ್ಡು ಬದಲಾದ ಮಾತ್ರಕ್ಕೆ ಜಾತಿ ಹೋಗಲ್ಲ, ನಿಜ. ಇವತ್ತೂ ಜಾತಿ ಹೆಸರಿನ ಹೋಟೆಲುಗಳಿವೆ, ಲೋಟ ಬೇರೆ ಇಡುವ ಊರುಗಳೂ ಇವೆ. ಎಪ್ಪತ್ತು ವರ್ಷದ ಹಿಂದೆ ಒಬ್ಬ ಹೋಟೆಲಿನವರಿಗೆ ಬೇಡವಾದ ಬೋರ್ಡು ನಮಗೆ ಇನ್ನೂ ಯಾಕೆ ಬೇಕು? ಮುಂದಿನ ಸಲ ಕ್ಯೂನಲ್ಲಿ ನಿಂತಾಗ ಯೋಚಿಸಿ.